ಎಲ್ಲಿಗೂ ಹೋಗದ ಕೂಸು

ಜಯದೇವಿಗೆ ಮೂರು ತಿಂಗಳು ತುಂಬಿದ ಸುದ್ದಿ ಕಮಲಾಪುರ ಮುಟ್ಟಿದ್ದೇ ತಡ, ಅತ್ತೆ ಮಹಾದೇವಮ್ಮ ಜೋಳದ ಹಿಟ್ಟಿನ ಚೀಲ, ಶೇಂಗಾ ಹಿಂಡಿಯ ಡಬ್ಬಿ ಹೊತ್ತು ಬಸ್ಸು ಹತ್ತಿ ಕಲಬುರಗಿಗೆ ಬಂದುಬಿಟ್ಟಳು. ಐವಾನ್-ಎ-ಶಾಹಿ ಕಡೆ ಎರಡು ಖೋಲಿಯ ಬಾಡಿಗೆ ಮನೆ. ಮಗ ಜಗದೇವಪ್ಪ ಕಪನೂರಿನ ಬೇಳೆ ಮಿಲ್ಲಿನಲ್ಲಿ ಮಷೀನು ನೋಡಿಕೊಳ್ಳುವವನು. ಬೆಳಿಗ್ಗೆ ರೊಟ್ಟಿ ಕಟ್ಟಿಸಿಕೊಂಡು ಹೋದರೆ ತಿರುಗಿ ಬರುವುದು ದೀಪ ಹಚ್ಚುವ ಹೊತ್ತಿಗೆ. ಅಲ್ಲಿಯವರೆಗೆ ಮನೆಯಲ್ಲಿ ಅತ್ತೆ, ಸೊಸೆ ಇಬ್ಬರೇ.

ಮಹಾದೇವಮ್ಮ ಒಳ್ಳೆಯ ಅತ್ತೆಯೇ. ಕೊಡ ಎತ್ತಲು ಬಿಡುತ್ತಿರಲಿಲ್ಲ, ಒಲೆ ಮುಂದೆ ಕೂಡಲು ಬಿಡುತ್ತಿರಲಿಲ್ಲ. ಆದರೆ ಅವಳ ಕಟ್ಟಳೆಗಳು ಒಂದೆರಡಲ್ಲ. ಬಂದ ದಿನವೇ ಜಯದೇವಿಯ ಕೈಯಿಂದ ಬಾಳೆಹಣ್ಣು ಕಸಿದು ಕಿಟಕಿಯಾಚೆ ಒಗೆದಳು.

"ಯಾಕ್ರಿ ಅತ್ತಿ? ನಮ್ಮ ತ್ವಾಟದ ಹಣ್ಣೇ ಅಲ್ಲೇನ್ರಿ? ಮಾವನೇ ಕಳಸ್ಯಾರ."

"ತ್ವಾಟ ನಮ್ದು. ಗೊನಿ ಕಡಿಯಾಕಿ ಯಾರು, ಕೇಳಿದಿ ಏನು?"

ಕಡಿಯುವವಳು ನೀಲಗಂಗಮ್ಮ. ಮಾವ ದೌಲಪ್ಪನ ಒಡಹುಟ್ಟಿದ ತಂಗಿ. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಈಗ ಕಮಲಾಪುರದ ಕೆಂಪು ಬಾಳೆಯ ತೋಟದಲ್ಲಿ ತಗಡಿನ ಶೆಡ್ಡೊಂದರಲ್ಲಿ ಒಬ್ಬಳೇ ಇದ್ದಳು. ಜಯದೇವಿ ಮದುವೆಯಾಗಿ ಬಂದಾಗಿನಿಂದ ಅವಳನ್ನು ದೂರದಿಂದ ನೋಡಿದ್ದೇ ಹೊರತು ಮಾತಾಡಿರಲಿಲ್ಲ. ಮದುವೆಯ ಹಂದರದಲ್ಲೂ ಅವಳಿರಲಿಲ್ಲ.

ರೊಟ್ಟಿ ಬಡಿಯುತ್ತ ಮಹಾದೇವಮ್ಮ ಹೇಳಿದಳು. "ಜಗದೇವ ಓಡಾಡೋ ಕೂಸು ಇದ್ದಾಗ ನಾ ಮತ್ತ ಬಸರಾದೆ. ದಿನ ತುಂಬಾಕ ಬಂದಿದ್ದವು. ಒಂದಿನ ಸಂಜಿಮುಂದ ಹೊಟ್ಟಿ ನೋವು ಬಂತು. ನೀಲಾ ಎಣ್ಣಿ ಹಚ್ಚಿ ತಿಕ್ಕಿದಳು. ನೋವು ನಿಂತಿತು. ಕೂಸು ಒದಿಯೋದೂ ನಿಂತಿತು."

"ಆಮ್ಯಾಲ?"

"ಆಮ್ಯಾಲ ಏನಿಲ್ಲ. ನಾ ಹಡಿಲೇ ಇಲ್ಲ. ಹೊಟ್ಟಿ ಇಳಕೊಂತ ಇಳಕೊಂತ ಹೋತು. ಹೋಳಿಗಿ ಒಳಗಿನ ಹೂರಣ ಯಾರೋ ತಗದಂಗ. ಸೂಲಗಿತ್ತಿ ಕೈಯಿಟ್ಟು ನೋಡಿ ಅಂದಳು, ಕೂಸು ಇಲ್ಲವ್ವಾ, ಯಾರೋ ತಿಂದಾರ ಅಂತ."

ಮನೆಯಲ್ಲಿ ಆಗ ಇದ್ದ ಬಂಜೆ ವಿಧವೆ ಒಬ್ಬಳೇ. ಅಂದೇ ದೌಲಪ್ಪ ತಂಗಿಯ ಹಾಸಿಗೆ, ತಾಟು, ತಂಬಿಗೆ ತೋಟಕ್ಕೆ ಹಾಕಿಸಿದ.

ಜಯದೇವಿ ಪಿಯುಸಿವರೆಗೆ ಓದಿದವಳು. ಇಂಥದ್ದನ್ನೆಲ್ಲ ನಂಬುವವಳಲ್ಲ. ಆದರೆ ಒಂದು ಮಧ್ಯಾಹ್ನ ಕರೆಂಟು ಹೋಗಿತ್ತು. ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಒಳಖೋಲಿಯಿಂದ ಮಾತು ಕೇಳಿಸಿತು.

"ಸುಮ್ಮನಿರು. ಸುಮ್ಮನ ಮಲಗು. ಎಷ್ಟು ಹೊಳ್ಳಾಡತಿ?"

ಯಾರೋ ನೆರೆಯವರು ಕೂಸು ತಂದಿದ್ದಾರೆಂದು ಜಯದೇವಿ ಇಣುಕಿದಳು. ಮಹಾದೇವಮ್ಮ ಒಬ್ಬಳೇ ನೆಲದ ಪರ್ಸಿಕಲ್ಲಿನ ಮೇಲೆ ಮಲಗಿ, ಕಿಬ್ಬೊಟ್ಟೆಯ ಮೇಲೆ ಅಂಗೈ ಇಟ್ಟು ತಟ್ಟುತ್ತಿದ್ದಳು.

"ಯಾರ ಕೂಡ ಮಾತಾಡಾಕತ್ತೀರಿ ಅತ್ತಿ?"

"ಈ ಹೊಟ್ಟಿ ಕೂಡ. ಭಾಳ ವರ್ಷ ಸುಮ್ಮನಿತ್ತು. ನಿನ್ನ ಹೊಟ್ಟಿ ಬೆಳಿಯಾಕತ್ತಿದಾಗಿಂದ ಇದೂ ಎದ್ದು ಕುಂತದ. ಮುಟ್ಟಿ ನೋಡು ಬಾ."

ಬೇಡವೆನ್ನುವಷ್ಟರಲ್ಲಿ ಅವಳ ಕೈ ಹಿಡಿದು ಒತ್ತಿಕೊಂಡಳು. ಸಡಿಲ ಚರ್ಮದ ಕೆಳಗೆ ಗಟ್ಟಿಯಾದದ್ದು, ದುಂಡಾದದ್ದು ಏನೋ ಇತ್ತು. ಒತ್ತಿದರೆ ಅದು ತುಸು ಸರಿಯಿತು. ಜಯದೇವಿ ಕೈ ಎಳೆದುಕೊಂಡವಳು ಬಚ್ಚಲಿಗೆ ಹೋಗಿ ಎರಡೆರಡು ಸಲ ತೊಳೆದುಕೊಂಡಳು.

ಪಂಚಮಿಗೆ ಎಲ್ಲರೂ ಕಮಲಾಪುರಕ್ಕೆ ಹೋದರು. ಉಂಡ ಮೇಲೆ ಅತ್ತೆ ಮಲಗಿದ ಹೊತ್ತು ನೋಡಿ ಜಯದೇವಿ ತೋಟದ ಕಡೆ ನಡೆದಳು. ಬಾಳೆಯ ಸಾಲುಗಳ ಒಳಗೆ ಗಾಳಿಗೆ ಎಲೆ ಎಲೆಗೆ ಬಡಿಯುವ ಸದ್ದು ಬಿಟ್ಟರೆ ಏನಿಲ್ಲ. ಶೆಡ್ಡಿನ ಮುಂದೆ ಕುಡುಗೋಲು ಮಸೆಯುತ್ತಿದ್ದ ಹೆಂಗಸು ಹೆಜ್ಜೆಯ ಸದ್ದಿಗೆ ತಲೆಯೆತ್ತಿದಳು. ಜಯದೇವಿಯ ಹೊಟ್ಟೆ ಕಂಡಿತೋ ಇಲ್ಲವೋ, ಗೋಡೆಯ ಕಡೆ ತಿರುಗಿ ಸೆರಗನ್ನು ಮುಖದ ತುಂಬ ಎಳೆದುಕೊಂಡಳು.

"ಅಲ್ಲೇ ನಿಂದರು ಯವ್ವಾ. ಗಾಳಿ ನನ್ನ ಕಡಿಂದ ನಿನ್ನ ಕಡಿ ಬೀಸಾಕತ್ತದ. ಆ ಬಾಜು ಹೋಗು."

"ಸಣ್ಣತ್ತಿ, ನಾ ಜಗದೇವಪ್ಪನ ಹೇಂತಿ."

"ಗೊತ್ತದ. ಅದಕ್ಕೇ ಅಂದೆ."

ಜಯದೇವಿ ಸರಿದು ನಿಂತಳು. "ಜನ ಅಂತಾರಂತ ನೀವೂ ಹಿಂಗ ಮಾರಿ ಮುಚ್ಚಿಕೊಂಡ್ರ ಹ್ಯಾಂಗ್ರಿ? ನೀವೇನು ಮಾಡೀರಿ?"

ಸೆರಗಿನ ಒಳಗಿಂದ ಬಂದ ದನಿಯಲ್ಲಿ ಅಳುವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. "ನನಗ ನೆನಪಿಲ್ಲ. ಎಣ್ಣಿ ಹಚ್ಚಿದ್ದು ನೆನಪದ. ಕೈ ಕೆಳಗ ಕೂಸಿನ ಹಿಮ್ಮಡ ಹತ್ತಿತ್ತು, ಅದೂ ನೆನಪದ. ಆಮ್ಯಾಲ ಕೂಸು ಇಲ್ಲ. ಇದ್ದದ್ದು ಎಲ್ಲಿ ಹೋತು ಹಂಗಾದ್ರ? ಮೊದಲ ನಾ ಇಲ್ಲ, ಇಲ್ಲ ಅಂತ ಬಡಕೊಂಡೆ. ಈಗ ಒಮ್ಮೊಮ್ಮೆ ಕನಸಿನ್ಯಾಗ ಬಾಯಾಗ ಏನೋ ಇದ್ದಂಗ ಆಗತದ. ಸಣ್ಣದು. ಮೆತ್ತಂದು. ಹೋಗವ್ವಾ, ಹೊತ್ತು ಛೊಲೊ ಇಲ್ಲ."

ಮರಳಿ ಬರುವಾಗ ಜಯದೇವಿ ಓಡದಂತೆ ಕಾಲನ್ನು ಬಿಗಿಹಿಡಿದು ನಡೆದಳು.

ಕಲಬುರಗಿಗೆ ಬಂದ ಮೇಲೆ ಸ್ಕ್ಯಾನಿಂಗ್ ಮಾಡಿಸಲು ಹೋದರು. ಸೇಡಂ ರಸ್ತೆಯ ಸಣ್ಣ ನರ್ಸಿಂಗ್ ಹೋಮು. ಡಾಕ್ಟರ್ ಗುಲ್ಶನ್ ಎಂಬ ಹೆಣ್ಣುಮಗಳು ನೋಡುತ್ತಿದ್ದಳು. ಕಿಟಕಿ ಮುಚ್ಚಿದ ಕತ್ತಲ ಖೋಲಿ. ಹೊಟ್ಟೆಯ ಮೇಲೆ ತಣ್ಣನೆಯ ಅಂಟು ಹಚ್ಚಿ ಡಾಕ್ಟರು ಮಷೀನಿನ ಹಿಡಿ ಆಡಿಸಿದಾಗ ಪರದೆಯ ಬೂದಿಬಣ್ಣದೊಳಗೆ ಒಂದು ಹುರುಳಿಕಾಳಿನಷ್ಟು ಬೆಳಕು ಪಟಪಟ ಬಡಿಯುತ್ತಿತ್ತು.

"ಎದಿ ಬಡಿತ. ಕೂಸು ಛೊಲೊ ಅದ," ಎಂದಳು ಡಾಕ್ಟರು.

ಕಾಲ ಬಳಿ ನಿಂತಿದ್ದ ಮಹಾದೇವಮ್ಮ ಕತ್ತು ಚಾಚಿದಳು. "ಗಂಡೇನ್ರಿ, ಹೆಣ್ಣೇನ್ರಿ?"

ಡಾಕ್ಟರು ಗೋಡೆಯ ಬೋರ್ಡಿಗೆ ಬೆರಳು ಮಾಡಿದಳು. "ಅದು ಕೇಳಂಗಿಲ್ಲ ಅಮ್ಮಾ, ಹೇಳಂಗಿಲ್ಲ. ಕಾನೂನು ಬಂದದ."

ಮಹಾದೇವಮ್ಮ ಬಹಳ ಹೊತ್ತು ಪರದೆ ನೋಡಿದಳು. ಆಮೇಲೆ ಒಮ್ಮೆಲೆ ಅಂದಳು. "ಹಂಗಾದ್ರ ನಂದೂ ನೋಡ್ರಿ."

"ನಿಮಗೇನಾಗ್ಯಾದ?"

"ನೋವು. ಹೊಸದಲ್ಲ, ಹಳೇದು."

ಡಾಕ್ಟರು ನಕ್ಕು, ಹೊರಗೆ ಪೇಶಂಟ್ ಕಡಿಮೆಯಿದ್ದದ್ದರಿಂದ ಒಪ್ಪಿದಳು. ಹಿಡಿ ಒಂದೆರಡು ಸಲ ಸರಿಯಿತು. ಪರದೆಯಲ್ಲಿ ಬಿಲ್ಲಿನಂತೆ ಬಾಗಿದ ಒಂದು ಬಿಳಿ ಗೆರೆ ಬಂತು. ಅದರ ಹಿಂದೆ ಪೂರಾ ಕಪ್ಪು. ಬಾವಿಯೊಳಗೆ ಇಣುಕಿದಂತೆ ಇತ್ತು. ಡಾಕ್ಟರು ಹಿಡಿಯನ್ನು ಇಳಿಸಿದಳು. ಮತ್ತೆ ಸಣ್ಣ ಸಣ್ಣ ಬಿಳಿ ಗೆರೆಗಳು, ಒಂದರ ಪಕ್ಕ ಒಂದು. ಅವಳ ಮುಖದ ನಗೆ ಆರಿತು.

"ಅಮ್ಮಾ, ನಿಮಗ ಮಕ್ಕಳು?"

"ಒಬ್ಬ."

"ಬಸರಾಗಿದ್ದು?"

"ಎರಡು ಸಲ."

"ಎರಡನೇದು?"

"ತಿಂದರು," ಎಂದಳು ಮಹಾದೇವಮ್ಮ, ದಿನದ ಮಾತಿನಂತೆ.

ಡಾಕ್ಟರು ಪಕ್ಕದ ಖೋಲಿಯಲ್ಲಿ ಎಕ್ಸ್‌ರೇ ತೆಗೆಸಿದಳು. ಫಿಲ್ಮನ್ನು ಬೆಳಕಿನ ಡಬ್ಬಿಯ ಮೇಲೆ ಸಿಗಿಸಿದಾಗ ಯಾರೂ ಹೇಳಿಕೊಡಬೇಕಾಗಲಿಲ್ಲ. ತಲೆ ಕೆಳಗೆ. ಬಾಗಿದ ಬೆನ್ನು. ಎದೆಗೆ ಮಡಚಿಕೊಂಡ ಮೊಣಕಾಲು.

"ಕೂಸು ಗರ್ಭಚೀಲದಾಗ ಬೆಳೆದಿಲ್ಲ," ಎಂದಳು ಡಾಕ್ಟರು ಮೆಲ್ಲಗೆ. "ಚೀಲದ ಹೊರಗ, ಹೊಟ್ಟ್ಯಾಗ ಬೆಳದದ. ಹೊರಗ ಬರಾಕ ಅದಕ್ಕ ದಾರಿ ಇರಲಿಲ್ಲ. ಅಲ್ಲೇ ಸತ್ತದ. ಕೊಳೀಬಾರ್ದು ಅಂತ ಮೈ ಅದರ ಸುತ್ತ ಸುಣ್ಣ ಕಟ್ಟ್ಯಾದ. ಕಲ್ಲು ಆಗ್ಯಾದ. ಭಾಳ ಅಪರೂಪ. ನಾ ಓದೀನಿ, ನೋಡಿದ್ದು ಇದೇ ಮೊದಲು."

ಮಹಾದೇವಮ್ಮ ಫಿಲ್ಮಿನಿಂದ ಕಣ್ಣು ತೆಗೆಯದೆ ಕೇಳಿದಳು. "ಗಂಡೋ, ಹೆಣ್ಣೋ?"

ಡಾಕ್ಟರು ಬೋರ್ಡಿನ ಕಡೆ ನೋಡಿ, ಮತ್ತೆ ಮುದುಕಿಯ ಕಡೆ ನೋಡಿದಳು. "ಅದು ಇದರಾಗ ತಿಳಿಯಂಗಿಲ್ಲ ಅಮ್ಮಾ."

"ಹಂಗಾದ್ರ ಎಲ್ಲಿಗೂ ಹೋಗಿಲ್ಲ," ಎಂದು ಮಹಾದೇವಮ್ಮ ಸ್ಟೂಲಿನ ಮೇಲೆ ಕುಂತುಬಿಟ್ಟಳು. "ಇಷ್ಟು ದಿನ ಇಲ್ಲೇ ಅದ."

ತೆಗೆಸಬೇಕು, ಕರುಳಿಗೆ ಒತ್ತುತ್ತಿದೆ ಎಂದು ಡಾಕ್ಟರು ಹೇಳಿದ್ದಳು. ಮಹಾದೇವಮ್ಮ ಮನೆಗೆ ಬಂದವಳೇ ಆಗುವುದಿಲ್ಲ ಎಂದಳು. ಮುಂದಿನ ವಾರಗಳಲ್ಲಿ ಅವಳು ಬದಲಾದಳು. ಕೂಸಿಗೆ ಒತ್ತುತ್ತದೆಂದು ಎಡಮಗ್ಗುಲಿಗೆ ಮಲಗುವುದು ಬಿಟ್ಟಳು. ತಾಟಿನಲ್ಲಿ ರೊಟ್ಟಿ ಹೆಚ್ಚಾದವು. ಜಯದೇವಿ ಪಾತ್ರೆ ಸದ್ದು ಮಾಡಿದರೆ, "ಮೆಲ್ಲಕ, ಎಚ್ಚರಾಗತದ," ಎನ್ನುತ್ತಿದ್ದಳು. ಒಂದು ದಿನ ಸೊಸೆಯನ್ನು ಎದುರಿಗೆ ಕೂಡಿಸಿಕೊಂಡು ಇಬ್ಬರ ಹೊಟ್ಟೆಯನ್ನೂ ನೋಡಿ ನಕ್ಕಳು. "ನಿಂದು ಹೊರಗ ಬರತದ. ನಂದು ಹೊರಗ ಬರಂಗಿಲ್ಲ ಅಂತದ. ಜಾಣ ನಂದೇ."

ಆ ಸಂಜೆ ಜಯದೇವಿ ಗಂಡನಿಗೆ ಅಂದಳು. "ನನ್ನ ತವರಮನಿಗಿ ಬಿಟ್ಟು ಬರ್ರಿ. ಇಲ್ಲಾ ನಿಮ್ಮವ್ವನ ಆಪರೇಷನ್ ಮಾಡಸ್ರಿ. ಎರಡ್ರಾಗ ಒಂದು."

ಅಷ್ಟರಲ್ಲಿ ಮುದುಕಿಗೆ ಜ್ವರ ಬಂತು, ವಾಂತಿ ಹಿಡಿಯಿತು. ಸುದ್ದಿ ತಿಳಿದು ದೌಲಪ್ಪ ಊರಿಂದ ಬಂದ. ಜಯದೇವಿ ಪುಂಡಿಪಲ್ಯ ಬಡಿಸುತ್ತಿದ್ದಳು. ಅವನು ತಾಟಿಗೆ ಕೈ ಹಚ್ಚದೆ ಎಕ್ಸ್‌ರೇ ಹಿಡಿದು ಬಾಗಿಲ ಬೆಳಕಿಗೆ ನೋಡಿದ. ಆಮೇಲೆ ಅದನ್ನು ಹಾಸಿಗೆಯ ಕೆಳಗೆ ತುರುಕಿದ.

"ಗಡ್ಡಿ ಅಂತ ಹೇಳೂಣು. ಹೊಟ್ಟ್ಯಾಗ ಗಡ್ಡಿ ಆಗಿತ್ತು, ತಗಸೀವಿ. ಊರಾಗ ಬ್ಯಾರೆ ಮಾತು ಬ್ಯಾಡ."

"ಸಣ್ಣತ್ತಿಗಿ ಏನ್ ಹೇಳ್ತೀರಿ ಮಾವ?" ಎಂದಳು ಜಯದೇವಿ.

"ಆಕಿಗಿ ಯಾಕ ಹೇಳೋದು?"

"ಆಕಿಗಿ ಅಲ್ಲದ ಮತ್ಯಾರಿಗಿ ಹೇಳೋದ್ರಿ?"

"ನೀ ಬಡಸು. ದೊಡ್ಡ ಮಾತು ಬ್ಯಾಡ."

"ಆಕಿ ಮಾತು ಖರೇ ಅದ ಯಪ್ಪಾ," ಎಂದ ಜಗದೇವಪ್ಪ. "ನಾ ಸಣ್ಣಾಂವ ಇದ್ದಾಗ ಅತ್ತಿ ಬೇಲಿ ಆಚಿ ನಿಂತು ಪೇರಲಹಣ್ಣು ಒಗಿತಿದ್ದಳು. ನೀ ಕಂಡು ನನಗ ಬಾರಕೋಲು ತಗೊಂಡು ಹೊಡದಿ. ಎದಕ್ಕ ಹೊಡದಿ?"

"ಎಲ್ಲಾರೂ ಅಂದರು, ನಾ ಮಾಡಿದೆ. ಈಗ ಹೋಗಿ ತಪ್ಪು ಅಂದ್ರ ಊರು ನನ್ನ ಮಾರಿ ಮ್ಯಾಲ ಉಗಿತದ!"

"ಉಗಿಲಿ ಬಿಡು."

ದೌಲಪ್ಪ ತಾಟು ಸರಿಸಿ ಎದ್ದ. ಒಳಖೋಲಿಯಿಂದ ಮಹಾದೇವಮ್ಮನ ದನಿ ಬಂತು, ಜ್ವರದಲ್ಲೂ ಸ್ಪಷ್ಟವಾಗಿ. "ನೀಲಾನ್ನ ಕರಕೊಂಡು ಬರ್ರಿ. ಆಕಿ ಕಣ್ಣಾರೆ ನೋಡಬೇಕು. ಅಲ್ಲೀತನ ಯಾರೂ ನನ್ನ ಹೊಟ್ಟಿಗಿ ಕತ್ತರಿ ಹಚ್ಚಬ್ಯಾಡ್ರಿ."

ಜಗದೇವಪ್ಪನೇ ಹೋಗಿ ಕರೆತಂದ. ಬಸ್ಸಿನಲ್ಲಿ ನೀಲಗಂಗಮ್ಮ ಕಡೆಯ ಸೀಟಿನ ಮೂಲೆಗೆ ಮುಖ ಮಾಡಿ ಕುಂತಿದ್ದಳಂತೆ. ಅವನು ಹೇಳಿದ ಒಂದು ಮಾತನ್ನೂ ನಂಬಿರಲಿಲ್ಲ. ವೈನಿ ಸಾಯುತ್ತಿದ್ದಾಳೆ, ಕಡೆಯ ಸಲ ಬಯ್ಯಲು ಕರೆಸಿದ್ದಾಳೆ ಎಂದೇ ಬಂದಿದ್ದಳು.

ಆಪರೇಷನ್ನಿಗೆ ಮುಂಚೆ ಡಾಕ್ಟರ್ ಗುಲ್ಶನ್ ಮತ್ತೊಮ್ಮೆ ನೋಡಬೇಕಿತ್ತು. ಕತ್ತಲ ಖೋಲಿಯಲ್ಲಿ ಮಹಾದೇವಮ್ಮ ಮಲಗಿದ್ದಳು. ನೀಲಗಂಗಮ್ಮ ಬಾಗಿಲ ಬಳಿ, ಸೆರಗಿನಲ್ಲಿ ಒಂದು ಕಣ್ಣಿನಷ್ಟೇ ಸಂದು ಬಿಟ್ಟುಕೊಂಡು ನಿಂತಳು. ಬಿಳಿಯ ಬಿಲ್ಲು ಬಂತು. ಅದರ ಹಿಂದಿನ ಕಪ್ಪು ಬಂತು.

"ಇದು ತಲಿ," ಎಂದಳು ಡಾಕ್ಟರು.

ನೀಲಗಂಗಮ್ಮ ಒಂದು ಹೆಜ್ಜೆ ಮುಂದೆ ಬಂದಳು. "ಪೂರಾ ಅದ ಏನ್ರಿ?"

"ಪೂರಾ ಅದ. ಎಕ್ಸ್‌ರೇದಾಗ ನೋಡ್ರಿ, ಇನ್ನೂ ಛೊಲೊ ಕಾಣತದ."

"ಕೈ?"

"ಎರಡೂ ಅವ."

"ಹಿಮ್ಮಡ?"

"ಅದಾವ."

ಜಗದೇವಪ್ಪ ಮನೆಯಿಂದ ತಂದಿದ್ದ ಫಿಲ್ಮು ಬೆಳಕಿನ ಡಬ್ಬಿಯ ಮೇಲಿತ್ತು, ಅವಳು ಅದರ ಹತ್ತಿರ ಹೋದಳು. ಗಾಜಿಗೆ ಮೂಗು ತಾಗುವಷ್ಟು. ಒಂದೊಂದು ಎಲುಬನ್ನೂ ನೋಡಿದಳು. ಆಮೇಲೆ ಬಹಳ ಸಣ್ಣ ದನಿಯಲ್ಲಿ ಕೇಳಿದಳು. "ಹಲ್ಲಿನ ಗುರ್ತು ಏನರ ಅವೇನ್ರಿ?"

ಡಾಕ್ಟರಿಗೆ ಮೊದಲು ತಿಳಿಯಲಿಲ್ಲ. ತಿಳಿದಾಗ ಕೈಯಲ್ಲಿದ್ದ ಹಿಡಿಯನ್ನು ಕೆಳಗಿಟ್ಟಳು. "ಇಲ್ಲಮ್ಮಾ. ಯಾರೂ ಮುಟ್ಟಿಲ್ಲ."

"ಹಂಗಾದ್ರ ನಾ ತಿಂದಿಲ್ಲ."

ನೀಲಗಂಗಮ್ಮ ಅಳಲಿಲ್ಲ. ಸೆರಗನ್ನು ಮುಖದಿಂದ ತೆಗೆದು ಹೆಗಲಿಗೆ ಹಾಕಿಕೊಂಡಳು. ಬಿಸಿಲು ಕಾಣದ ಆ ಮುಖ ಕುತ್ತಿಗೆಗಿಂತ ಬೆಳ್ಳಗಿತ್ತು. ಕುತ್ತಿಗೆಯ ಮೇಲೆ ಬೇರೆ ಯಾರದೋ ಮುಖ ಇಟ್ಟಂತೆ ಜಯದೇವಿಗೆ ಕಂಡಿತು.

"ನೀಲಾ..." ಎಂದು ಮಹಾದೇವಮ್ಮ ಕೈ ಚಾಚಿದಳು.

"ಈಗ ಬ್ಯಾಡ ವೈನಿ. ಈಗ ನೀ ಏನೂ ಅನಬ್ಯಾಡ."

ಆಪರೇಷನ್ ಆಯಿತು. ಹೊರಗಿನಿಂದ ಬಂದಿದ್ದ ಸರ್ಜನ್ ಅದನ್ನು ಟ್ರೇನಲ್ಲಿಟ್ಟುಕೊಂಡು ಬಂದು ಜಗದೇವಪ್ಪನನ್ನು ಪಕ್ಕಕ್ಕೆ ಕರೆದ. ಸೀಸೆಯಲ್ಲಿ ಇಟ್ಟರೆ ಡಾಕ್ಟರಿಕೆ ಓದುವವರು ನೋಡುತ್ತಾರೆ, ಇಂಥದ್ದು ಮತ್ತೆ ಸಿಗುವುದಿಲ್ಲ ಎಂದ. ಜಗದೇವಪ್ಪ ತಲೆ ಕೆರೆದುಕೊಂಡ. ನೀಲಗಂಗಮ್ಮ ನಡುವೆ ಬಂದು ನಿಂತಳು.

"ಕೊಡಂಗಿಲ್ಲ. ಸೀಸೆದಾಗ ಹಾಕಾಕ ಅದೇನು ಉಪ್ಪಿನಕಾಯಿ ಏನ್ರಿ? ನಮ್ಮ ಕೂಸು ಅದು."

"ಕೊಟ್ಟುಬಿಡ್ರಿ ಸರ್," ಎಂದಳು ಡಾಕ್ಟರ್ ಗುಲ್ಶನ್.

ಮಹಾದೇವಮ್ಮ ಎದ್ದು ಓಡಾಡುವವರೆಗೆ ಮಣ್ಣು ಮಾಡುವಂತಿರಲಿಲ್ಲ. ಕಲ್ಲು ಕೊಳೆಯುವುದಿಲ್ಲ, ಅವಸರವಿರಲಿಲ್ಲ. ನೀಲಗಂಗಮ್ಮ ಅದನ್ನು ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿ ಬಾಡಿಗೆ ಮನೆಯ ಒಳಖೋಲಿಯಲ್ಲಿ, ಗೋಡೆಯ ಗೂಡಿನಂಥ ಮಾಡಿನಲ್ಲಿಟ್ಟಳು. ಆ ದಿನಗಳಲ್ಲಿ ಅಡುಗೆ, ಬಟ್ಟೆ, ನೀರು, ಎಲ್ಲ ಅವಳೇ. ದವಾಖಾನೆಗೆ ಗಂಜಿ ಕಳಿಸುವವಳೂ ಅವಳೇ. ವೈನಿಯ ಜೊತೆ ಮಾತು ಮಾತ್ರ ಇಲ್ಲ. ಮಧ್ಯಾಹ್ನ ಕೆಲಸ ಮುಗಿಸಿ ಮಾಡಿನ ಕೆಳಗೆ ಕುಂತಿರುತ್ತಿದ್ದಳು. ಜಯದೇವಿ ಮೊದಲೆರಡು ದಿನ ಆ ಖೋಲಿಗೆ ಹೋಗಲೇ ಇಲ್ಲ. ಹೋದಾಗ ತನ್ನ ಹೊಟ್ಟೆಯ ಕೂಸು ಮಗ್ಗುಲು ತಿರುಗಿತು. ಮಾಡಿನ ಗಂಟನ್ನು ನೋಡುತ್ತ ಅವಳು ಗೋಡೆ ಹಿಡಿದು ನಿಂತಳು.

"ಹೆದರಬ್ಯಾಡ," ಎಂದಳು ನೀಲಗಂಗಮ್ಮ. "ಅದಕ್ಕ ಏನೂ ಬೇಕಾಗಿಲ್ಲ."

ಕಮಲಾಪುರದ ತೋಟದ ಮೂಲೆಯಲ್ಲಿ ದೌಲಪ್ಪನೇ ಕುಣಿ ತೋಡಿದ. ಆಳು ಕರೆದರೆ ಮಾತಾಗುತ್ತದೆಂದು ತಾನೇ ತೋಡಿದ. ಆದರೂ ಬೇಲಿಯ ಆಚೆ ಜನ ಕೂಡಿದರು. ಬಸುರಿ ಬರಬಾರದೆಂದು ಮಾವ ಅಂದಿದ್ದ. ಜಯದೇವಿ ಬಂದಿದ್ದಳು.

ನೀಲಗಂಗಮ್ಮ ಗಂಟನ್ನು ಉಡಿಯಲ್ಲಿಟ್ಟುಕೊಂಡು ಕುಣಿಯ ದಂಡೆಗೆ ಕುಂತಳು. ಅಣ್ಣ ಕೈ ಚಾಚಿದ. ಅವಳು ಕೊಡಲಿಲ್ಲ.

"ಮೊದಲ ಅವರಿಗಿ ಹೇಳು."

"ಏನಂತ?"

"ನಿನಗ ಗೊತ್ತದ."

ದೌಲಪ್ಪ ಸಲಿಕೆಗೆ ಆತು ನಿಂತು ನೆಲಕ್ಕೆ ಹೇಳಿದ. "ನೀಲಾ ಏನೂ ಮಾಡಿಲ್ಲ."

"ಕೇಳಸಲಿಲ್ಲ ಅಣ್ಣ. ಓಡಸಿದ ದಿನ ಭಾಳ ಜೋರು ಇತ್ತು ನಿನ್ನ ದನಿ."

ಅವನು ಸಲಿಕೆ ಕೆಳಗೆ ಬಿಟ್ಟ. ಬೇಲಿಯ ಕಡೆ ತಿರುಗಿದ. "ನನ್ನ ತಂಗಿ ಕೂಸು ತಿಂದಿಲ್ಲ! ಕೂಸು ಎಲ್ಲೂ ಹೋಗಿರಲಿಲ್ಲ. ತಪ್ಪು ನಂದು!" ಎಂದು ಒದರಿದವನು ಕೆಮ್ಮಿ ಕೆಮ್ಮಿ ಕೂತುಬಿಟ್ಟ.

ಮಹಾದೇವಮ್ಮ ಹೊಲಿಗೆಯ ಮೇಲೆ ಕೈಯಿಟ್ಟುಕೊಂಡು ಮೆಲ್ಲಗೆ ಬಂದು ನಾದಿನಿಯ ಹಿಂದೆ ನಿಂತಳು. "ಹೆಸರಿಲ್ಲದ ಹ್ಯಾಂಗ ಕಳಸೋದು? ಸೋದರತ್ತಿ ನೀನೇ. ನೀನೇ ಇಡಬೇಕು."

ನೀಲಗಂಗಮ್ಮ ಬಟ್ಟೆಯ ಒಂದು ಸೆರಗು ಸರಿಸಿದಳು. ಕಿವಿ ಇರಬೇಕಾದ ಕಡೆ ಬಾಗಿ ಹೆಸರು ಹೇಳಿದಳು. ತೊಟ್ಟಿಲ ಮುಂದೆ ಹೆಸರಿಟ್ಟ ಸೋದರತ್ತೆಗೆ ಮಾಡುವಂತೆ ಮಹಾದೇವಮ್ಮ ಅವಳ ಬೆನ್ನಿಗೆ ಮುಷ್ಟಿಯಿಂದ ಗುದ್ದಿದಳು. ಒಮ್ಮೆ, ಮೆತ್ತಗೆ. ಎರಡನೆಯ ಸಲ ಕೈ ಎತ್ತಿದವಳಿಗೆ ಇಳಿಸಲಾಗಲಿಲ್ಲ. ಹಾಗೇ ಆ ಬೆನ್ನಿನ ಮೇಲೆ ಒರಗಿ ಅತ್ತಳು. ನೀಲಗಂಗಮ್ಮ ಅವಳನ್ನು ಸರಿಸಲೂ ಇಲ್ಲ, ಹಿಡಿದುಕೊಳ್ಳಲೂ ಇಲ್ಲ.

ಮಣ್ಣು ಮುಚ್ಚಿ ಎಲ್ಲರೂ ಮನೆಯ ಕಡೆ ನಡೆದರು. ನೀಲಗಂಗಮ್ಮ ಸೆರಗು ಹೆಗಲ ಮೇಲೆ ಬಿಟ್ಟು, ಓಣಿಯ ನಡುವೆ, ಎಲ್ಲರಿಗಿಂತ ಮುಂದೆ. ಅದೇ ಓಣಿಯ ಅನ್ನಮ್ಮನ ಮನೆಯ ಕಟ್ಟೆಯ ಮೇಲೆ ಅವಳ ಸೊಸೆ ಕೂಸನ್ನು ಎತ್ತಿಕೊಂಡು ಕುಂತಿದ್ದಳು. ಬೇಲಿಯ ಬಳಿ ನಿಂತು ದೌಲಪ್ಪನ ಮಾತನ್ನೆಲ್ಲ ಕೇಳಿ ಬಂದವಳೇ. ಆದರೂ ನೀಲಗಂಗಮ್ಮ ಹತ್ತಿರ ಬರುತ್ತಲೇ ಅವಳ ಕೈ ತಾನಾಗಿ ಸೆರಗೆಳೆದು ಕೂಸಿನ ಮುಖ ಮುಚ್ಚಿತು.

ನೀಲಗಂಗಮ್ಮ ನಿಂತಳು.

"ತೆಗಿ. ನಾ ನೋಡಬೇಕು."

ಆ ಹೆಂಗಸು ಅತ್ತೆಯ ಕಡೆ ನೋಡಿದಳು. ಅನ್ನಮ್ಮ ನೆಲ ನೋಡುತ್ತಿದ್ದಳು. ಸೊಸೆ ತಾನೇ ಸೆರಗು ಸರಿಸಿದಳು. ನೀಲಗಂಗಮ್ಮ ಬಾಗಿ ನೋಡಿದಳು. ಕಣ್ಣು ಮಿಟುಕಿಸದೆ, ಕೂಸಿನ ಹಣೆ, ಮೂಗು, ಬಾಯಿ, ಎಲ್ಲವನ್ನೂ ನೋಡಿದಳು. ಜಯದೇವಿಯೂ ತನ್ನ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದಳು.

ಕೂಸು ಅವಳನ್ನೇ ದಿಟ್ಟಿಸಿ, ಬಾಯಿ ಅಗಲ ಮಾಡಿ ಆಕಳಿಸಿತು. ಆಮೇಲೆ ತಾಯಿಯ ಎದೆಗೆ ತಿರುಗಿ ಹಾಲು ಹುಡುಕತೊಡಗಿತು.